ಕಂಚಿನ ಪ್ರತಿಮೆ ಕೊಳ್ಳುವ ಮೊದಲು: ನನ್ನ ಅನುಭವ

ಪ್ರತಿಮೆ ಕೈಗೆ ಬಂದರೆ ನಾನು ಮೊದಲು ಮುಖ ನೋಡುವುದಿಲ್ಲ. ದಪ್ಪ ಕಂಬಳಿಯ ಮೇಲೆ ಮೆಲ್ಲಗೆ ಮಲಗಿಸಿ ತಳ ನೋಡುತ್ತೇನೆ. ಮುಖವನ್ನು ಎಲ್ಲರೂ ಮುತುವರ್ಜಿಯಿಂದ ತಿದ್ದುತ್ತಾರೆ, ತಳಕ್ಕೆ ಅಷ್ಟು ದುಡಿಯುವವರು ಕಡಿಮೆ. ಕೈಯಿಂದ ಆಡಿಸಿದ ಉಳಿಯ ಗುರುತು ಏರುಪೇರಾಗಿರುತ್ತದೆ. ಲೋಹ ಉಜ್ಜುವ ಗ್ರೈಂಡರ್ ಯಂತ್ರ ಆಡಿಸಿದ್ದರೆ ಒಂದೇ ಅಂತರದ ಕಮಾನುಗೆರೆಗಳು ಕಾಣುತ್ತವೆ. ಇದನ್ನು ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಇನ್ನೊಮ್ಮೆ ನೋಡಬೇಕು. ಎದುರು ಬೆಳಕಿನಲ್ಲಿ ಅಡಗುವ ಬೆಸುಗೆ, ತೇಪೆ, ಅರ ಉಜ್ಜಿದ ಜಾಗ ಓರೆ ಬೆಳಕಿಗೆ ಎದ್ದು ಕಾಣುತ್ತವೆ.

ತಳದಲ್ಲಿ ಹಳೆಯ ಗೀರು ಇದ್ದರೆ ಲೋಹದ ನಿಜಬಣ್ಣ ಅಲ್ಲೇ ಸಿಗುತ್ತದೆ. ಕಂಚು ಕೆಂಪು ಛಾಯೆಯ ಹೊಂಬಣ್ಣ, ಹಿತ್ತಾಳೆ ಹಳದಿ. ಬೂದು ಬಣ್ಣ ಕಂಡರೆ ಅದು ಕಂಚಿನ ಬಣ್ಣ ಬಳಿದ ಸತುವಿನ ಎರಕ ಇರಬಹುದು. ಯುರೋಪಿನಲ್ಲಿ 19ನೇ ಶತಮಾನದ ಕೊನೆಗೆ ಇಂಥವು ಹೇರಳವಾಗಿ ತಯಾರಾದವು. ಕಂಚಿನ ಪುಡಿ ಬೆರೆಸಿದ ರೆಸಿನ್ ಆಗಿದ್ದರೆ ಮುಟ್ಟಿದಾಗ ಲೋಹದ ತಂಪು ಇರುವುದಿಲ್ಲ, ಬೆರಳಿನಿಂದ ತಟ್ಟಿದರೆ ಸದ್ದು ಮೊಂಡು.

ಘನ ಎರಕದ, ಅಂದರೆ ಒಳಗೂ ಪೂರ್ತಿ ಲೋಹವೇ ತುಂಬಿದ, ಹೊಸ ಪ್ರತಿಮೆಯಾದರೆ ಸಾಂದ್ರತೆಯನ್ನೂ ಅಳೆಯುತ್ತೇನೆ. ಮೊದಲು ಗಾಳಿಯಲ್ಲಿ ತೂಗಬೇಕು, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಪಾತ್ರೆಯ ತಳ ತಾಗದಂತೆ ತೂಗಬೇಕು. ಗಾಳಿಯಲ್ಲಿ 10.2 ಕೆ.ಜಿ., ನೀರಿನಲ್ಲಿ 9 ಕೆ.ಜಿ. ಬಂದರೆ ವ್ಯತ್ಯಾಸ 1.2. 10.2 ಅನ್ನು 1.2ರಿಂದ ಭಾಗಿಸಿದರೆ 8.5, ಅಂದರೆ ಲೋಹ ನೀರಿಗಿಂತ ಎಂಟೂವರೆ ಪಟ್ಟು ಭಾರ. ತಾಮ್ರ 8.9ರ ಆಸುಪಾಸು, ಸತು 7.1, ಅಲ್ಯೂಮಿನಿಯಂ 2.7. ಹಿತ್ತಾಳೆ ಮತ್ತು ಕಂಚಿನ ಅಂಕಿಗಳು ತೀರ ಹತ್ತಿರ ಇರುವುದರಿಂದ ಅವೆರಡನ್ನು ಈ ವಿಧಾನದಿಂದ ಬೇರ್ಪಡಿಸಲಾಗದು. ಒಳಗೆ ಟೊಳ್ಳು ಇದ್ದರೂ ಲೆಕ್ಕ ತಪ್ಪುತ್ತದೆ. ಹಳೆಯ ಪ್ರತಿಮೆಯನ್ನಂತೂ ನೀರಿಗೆ ಇಳಿಸಲೇಬಾರದು.

ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ವರದಿ ತಂದು ತೋರಿಸುವವರು ಈಗ ಹೆಚ್ಚು. ಆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ಕಿಲುಬು ಹಿಡಿದ ಮೇಲ್ಪದರದಲ್ಲಿ ತಾಮ್ರ, ತವರಗಳ ಪ್ರಮಾಣ ಒಳಗಿನ ಲೋಹದಂತೆಯೇ ಇರುವುದಿಲ್ಲ. ಮಣ್ಣು ಕೊನೆಯ ಸಲ ಸುಟ್ಟದ್ದು ಯಾವಾಗ ಎಂದು ಅಂದಾಜಿಸುವ ಥರ್ಮೊಲ್ಯೂಮಿನಿಸೆನ್ಸ್ ಪರೀಕ್ಷೆಗೆ ಸುಟ್ಟ ಮಣ್ಣು ಬೇಕು. ಟೊಳ್ಳು ಎರಕದಲ್ಲಿ ಒಳಗಿನ ಮಣ್ಣು ಉಳಿದಿದ್ದರೆ ಅದನ್ನು ಪರೀಕ್ಷಿಸಬಹುದು. ಚೋಳರ ಕಂಚುಗಳು ಸಾಮಾನ್ಯವಾಗಿ ಘನ ಎರಕ, ಒಳಗೆ ಮಣ್ಣೇ ಇಲ್ಲ. ಘನ ಎರಕಕ್ಕೆ ಇಂಥ ಪರೀಕ್ಷೆಯಿಂದ ವಯಸ್ಸು ಹೇಳುವ ಪ್ರಮಾಣಪತ್ರ ಬಂದರೆ ಆ ಕಾಗದವನ್ನೇ ಅನುಮಾನಿಸಬೇಕು.

ಸವೆತವೂ ಮಾತಾಡುತ್ತದೆ. ಪೂಜೆಯಲ್ಲಿದ್ದ ಮೂರ್ತಿ ಅಭಿಷೇಕಕ್ಕೆ, ಒರೆಸುವ ಬಟ್ಟೆಗೆ, ಕೈಗೆ ಸಿಕ್ಕಿ ಸವೆಯುವುದು ಮೂಗು, ಎದೆ, ಮಂಡಿಯಂಥ ಉಬ್ಬಿದ ಕಡೆ. ಕಿವಿಯ ಹಿಂದೆ, ತೋಳಿನ ಸಂದಿನಲ್ಲಿ ಗೆರೆಗಳು ಹರಿತ ಉಳಿದಿರಬೇಕು. ಸಂದಿಯಲ್ಲೂ ಅಷ್ಟೇ ಸವೆತ ಕಂಡರೆ ಆಸಿಡ್ಡಿನಲ್ಲಿ ಅದ್ದಿ ಹಳತು ಮಾಡಿರುವ ಸಾಧ್ಯತೆ ದೊಡ್ಡದು. ಹಸಿರು ಕಿಲುಬಿನ ಮೇಲೆ, ಕಾಣದ ಮೂಲೆಯಲ್ಲಿ, ಹತ್ತಿಗೆ ಅಸಿಟೋನ್ ಹಾಕಿ ಒತ್ತಿ ನೋಡುತ್ತೇನೆ. ಬಳಿದ ಬಣ್ಣವಾದರೆ ಸಾಮಾನ್ಯವಾಗಿ ಹತ್ತಿಗೆ ಹತ್ತುತ್ತದೆ. ಲೋಹದಲ್ಲೇ ಬೆಳೆದ ಕಿಲುಬು ಕರಗುವುದಿಲ್ಲ.

ನನಗೆ ತುಂಬ ನೋವಾಗುವುದು ಹುಣಸೆಹಣ್ಣು ಹಾಕಿ ತಿಕ್ಕಿದ ಪ್ರತಿಮೆ ಕಂಡಾಗ. ಮಾರುವ ಮುಂಚೆ ಹೊಳೆಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ ಹುಳಿ ಶತಮಾನಗಳ ಪದರವನ್ನು ಅರ್ಧ ಗಂಟೆಯಲ್ಲಿ ತಿನ್ನುತ್ತದೆ, ಸಂದಿಯಲ್ಲಿ ನಿಂತ ನೀರು ಇನ್ನಷ್ಟು ಹಾಳು ಮಾಡುತ್ತದೆ. ದಯವಿಟ್ಟು ಒಣ, ಮೆತ್ತನೆಯ ಕುಂಚದಿಂದ ಧೂಳು ತೆಗೆದು ಅಷ್ಟಕ್ಕೇ ನಿಲ್ಲಿಸಿ. ತಿಳಿ ಹಸಿರಿನ ಪುಡಿ ಉದುರುತ್ತಿದ್ದರೆ ಅದು ಕಂಚಿನ ರೋಗ. ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ಒಳಗಿನಿಂದ ಕೊರೆಯುತ್ತವೆ. ಅಂಥದ್ದನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಡಬ್ಬಿಯೊಳಗಿನ ಗಾಳಿಯ ತೇವಾಂಶ ಶೇ. 40ರ ಕೆಳಗಿರಬೇಕು. ಈ ಕೊರೆತ ತಡೆಯಲು ಬಳಸುವ ಬೆಂಜೊಟ್ರಯಜೋಲ್ ಚಿಕಿತ್ಸೆ ಸಂರಕ್ಷಣಾ ತಜ್ಞರ ಕೆಲಸ, ಆ ರಾಸಾಯನಿಕ ವಿಷಕಾರಿ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಕಡಲೂರುಗಳಿಂದ ಬಂದ ಪ್ರತಿಮೆಯನ್ನು ಕೆಲವು ವಾರ ಗಮನಿಸದೆ ಕೊಳ್ಳುವುದಿಲ್ಲ.

ಆಧುನಿಕ ಶಿಲ್ಪಿಗಳ ಕಂಚಿನಲ್ಲಿ ಮೋಸದ ದಾರಿ ಬೇರೆ. ಮುಗಿದ ಪ್ರತಿಮೆಯಿಂದಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ಯುತ್ತಾರೆ. ಕಂಚು ತಣಿಯುವಾಗ ಶೇ. 1.5ರಿಂದ 2ರಷ್ಟು ಕುಗ್ಗುವುದರಿಂದ 60 ಸೆಂ.ಮೀ. ಮೂಲದ ನಕಲು ಸುಮಾರು ಒಂದು ಸೆಂ.ಮೀ. ಗಿಡ್ಡ. ಹಾಗಾಗಿ ಕ್ಯಾಟಲಾಗಿನ ಅಳತೆಯ ಎದುರು ಕ್ಯಾಲಿಪರ್ (ನಿಖರವಾಗಿ ಅಳೆಯುವ ಇಕ್ಕಳದಂಥ ಸಾಧನ) ಹಿಡಿದು ಮೂರ್ನಾಲ್ಕು ಕಡೆ ಅಳೆಯುತ್ತೇನೆ. 3/8 ಎಂದು ಕೆತ್ತಿದ್ದರೆ ಒಂದೇ ಕೃತಿಯ ಎಂಟು ಎರಕಗಳಲ್ಲಿ ಮೂರನೆಯದು ಎಂದರ್ಥ, ಉಳಿದ ಏಳು ಎಲ್ಲಿವೆ ಎಂದು ಕೇಳಬೇಕು. ಕೊಂಡ ಮಾತ್ರಕ್ಕೆ ಕೃತಿಸ್ವಾಮ್ಯ ಬರುವುದಿಲ್ಲ, ಇನ್ನೊಂದು ಎರಕ ಹೊಯ್ಸುವ ಹಕ್ಕೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು, ಮೂಲಕೃತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಕೊಡುತ್ತದೆ, ಮಿತಿ ಶೇ. 10.

ಇಷ್ಟೆಲ್ಲ ಸರಿ ಇದ್ದರೂ ಕಾಗದ ಇಲ್ಲದ ಹಳೆಯ ಮೂರ್ತಿಯನ್ನು ನಾನು ಮುಟ್ಟುವುದಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರತಿಮೆ ಪುರಾತನ ವಸ್ತು. ವ್ಯಾಪಾರಕ್ಕೆ ಪರವಾನಗಿ ಬೇಕು, ಲೋಹದ ಶಿಲ್ಪಕ್ಕೆ ನೋಂದಣಿ ಬೇಕು, ಒಡೆತನ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡಿತ್ತು. ಮೂಲದ ದಾಖಲೆಗಳು ಸುಳ್ಳಾಗಿದ್ದವು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಛಾಯಾಚಿತ್ರಗಳಿಗೆ ಮೂರ್ತಿ ಹೊಂದಿಕೆಯಾಯಿತು, 2014ರಲ್ಲಿ ಭಾರತಕ್ಕೆ ಮರಳಿತು. ಅದಕ್ಕೇ ನನಗೆ ರಸೀದಿ ಒಂದೇ ಸಾಲದು. ಹಳೆಯ ಫೋಟೋ, ವಿಮೆ ಪತ್ರ, ಮನೆತನದ ಪಾಲುಪಟ್ಟಿ, ಯಾವುದಾದರೂ ಎರಡು ಪರಸ್ಪರ ತಾಳೆಯಾಗಬೇಕು. ಪೀಠದಲ್ಲಿ ಮೆರವಣಿಗೆಯ ಕೋಲು ತೂರಿಸುವ ರಂಧ್ರಗಳಿದ್ದರೆ ಅದು ಯಾವುದೋ ಗುಡಿಯ ಉತ್ಸವಮೂರ್ತಿ ಇರಬಹುದು. ಆ ಗುಡಿ ಯಾವುದು, ಮೂರ್ತಿ ಹೊರಬಂದದ್ದು ಹೇಗೆ ಎಂಬುದು ತಿಳಿಯುವ ತನಕ ಮಾತುಕತೆ ಮುಂದುವರಿಯದು.

ಕಂಚಿನ ಎರಕಕ್ಕೆ ಹೆಸರಾದ ತಮಿಳುನಾಡಿನ ಸ್ವಾಮಿಮಲೈಯಲ್ಲಿ ನಿನ್ನೆ ಎರಕ ಹೊಯ್ದ ಹೊಸ ಪ್ರತಿಮೆಯಾದರೂ ಹಳತರಂತೆ ಕಂಡರೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ಹೊರದೇಶಕ್ಕೆ ಕಳಿಸುವ ಮೊದಲೇ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು.

ಸಾಗಿಸಲು ಪೆಟ್ಟಿಗೆಗೆ ಕಟ್ಟುವಾಗ ತೋಳು, ಪ್ರಭಾವಳಿ ಹಿಡಿದು ಎತ್ತಬಾರದು. ಒಂದು ಕೈ ಪೀಠದ ಕೆಳಗೆ, ಒಂದು ಬೆನ್ನಿಗೆ. ಮೊದಲು ಆಮ್ಲರಹಿತ ಟಿಶ್ಯೂ ಕಾಗದ, ಆಮೇಲೆ ಗುಳ್ಳೆ ಹೊರಕ್ಕಿರುವಂತೆ ಬಬಲ್ ರ‍್ಯಾಪ್. ಗುಳ್ಳೆ ಒಳಕ್ಕಿದ್ದರೆ ಮೇಣ ಹಚ್ಚಿದ ಮೈಮೇಲೆ ಉಂಗುರದ ಗುರುತು ಉಳಿಯುತ್ತದೆ. ಪೆಟ್ಟಿಗೆಯ ಆರೂ ಬದಿಗೆ 5 ಸೆಂ.ಮೀ. ಫೋಮ್, ಭಾರವೆಲ್ಲ ಪೀಠದ ಮೇಲೆ ಕೂರಬೇಕು. ಹೊರದೇಶಕ್ಕಾದರೆ ಪೆಟ್ಟಿಗೆಯ ಮರದ ಮೇಲೆ ಐಎಸ್‌ಪಿಎಂ 15 ಮುದ್ರೆ (ಕೀಟ ಹರಡದಂತೆ ಮರವನ್ನು ಸಂಸ್ಕರಿಸಿದೆ ಎಂಬ ಅಂತರರಾಷ್ಟ್ರೀಯ ಗುರುತು) ಇದೆಯೇ ಎಂದು ಮೊಳೆ ಹೊಡೆಯುವ ಮೊದಲೇ ನೋಡಿಕೊಳ್ಳಿ.