ಕಾಳಜಿ ಕೇಂದ್ರದ ಕೀಲಿ ಯಾರ ಕೈಯಲ್ಲಿರಬೇಕು?

ಕೃಷ್ಣಾ ನದಿಯ ನೆರೆ ಸಾಮಾನ್ಯವಾಗಿ ಹೇಳಿ ಬರುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೂ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ಹಳ್ಳಿಗಳಿಗೆ ಗಂಟು ಕಟ್ಟಿಕೊಳ್ಳಲು ಹೊತ್ತು ಸಿಗುತ್ತದೆ. ಘಟಪ್ರಭಾ, ಮಲಪ್ರಭಾ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಗೋಕಾಕ, ರಾಮದುರ್ಗದ ಕಡೆ ಎಷ್ಟೋ ಮಂದಿ ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು. ನೆರೆ ಯಾವ ಬಗೆಯದಾದರೂ ಜನ ಬಂದು ಸೇರುವುದು ಸರ್ಕಾರಿ ಶಾಲೆಗೋ ಕಲ್ಯಾಣ ಮಂಟಪಕ್ಕೋ. ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತೇವೆ. ಅಂಥ ಕೇಂದ್ರಗಳನ್ನು ಮಹಿಳೆಯರ ತಂಡವೇ ಮುಂದೆ ನಿಂತು ನಡೆಸುವಾಗ ನಾವು ಅನುಸರಿಸುವ ಕ್ರಮ ಇದು. ಲೆಕ್ಕವೆಲ್ಲ 400 ಜನರ ಕೇಂದ್ರಕ್ಕೆ.

ನಮ್ಮಂಥ ಸಂಸ್ಥೆಯ ಹೆಣ್ಣುಮಕ್ಕಳು ಬಂದರೆಂದರೆ ಕೈಗೆ ಸೌಟು ಕೊಡುತ್ತಾರೆ, ಇಲ್ಲವೇ ಪ್ಯಾಡ್ ಹಂಚಲು ಹೇಳುತ್ತಾರೆ. ಎರಡನ್ನೂ ಮಾಡುತ್ತೇವೆ, ಬೇಸರವಿಲ್ಲ. ಆದರೆ ಮೊದಲು ಕೇಳುವುದು ಉಗ್ರಾಣದ ಕೀಲಿ ಮತ್ತು ನೋಂದಣಿ ಪುಸ್ತಕ. ತಹಶೀಲ್ದಾರರಿಂದಲೋ ನೋಡಲ್ ಅಧಿಕಾರಿಯಿಂದಲೋ ಎರಡು ಸಾಲಿನ ಪತ್ರ ಬರೆಸಿಕೊಳ್ಳುತ್ತೇವೆ. ಬಾಯಿಮಾತಿನ ಒಪ್ಪಿಗೆ ಪಾಳಿ ಬದಲಾದ ಕೂಡಲೇ ಮರೆತುಹೋಗುತ್ತದೆ. ಕೀಲಿ ಇಲ್ಲದಿದ್ದರೆ ಸೋಪು ಯಾರಿಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಪುಸ್ತಕ ಇಲ್ಲದಿದ್ದರೆ ಯಾರು ಏಳು ತಿಂಗಳ ಬಸುರಿ ಎಂದು ಗೊತ್ತಾಗುವುದಿಲ್ಲ.

ನೋಂದಣಿಯನ್ನು ಕುಟುಂಬದ ಲೆಕ್ಕದಲ್ಲಿ ಮಾಡಬಾರದು. ‘ಯಜಮಾನನ ಹೆಸರು, ಒಟ್ಟು ಆರು ಜನ’ ಎಂದು ಬರೆದರೆ ಐದು ಜನ ಕಾಗದದಿಂದಲೇ ಮಾಯ. ಒಬ್ಬೊಬ್ಬರಿಗೂ ಒಂದು ಸಾಲು: ಹೆಸರು, ವಯಸ್ಸು, ಬಸುರಿಯಾದರೆ ದಿನ ತುಂಬುವ ತಾರೀಖು, ಹಾಲೂಡಿಸುವವಳೇ, ದಿನವೂ ನುಂಗುವ ಮಾತ್ರೆ ಇದೆಯೇ, ಅಂಗವೈಕಲ್ಯ, ಜೊತೆಯಲ್ಲಿ ಯಾರೂ ಇಲ್ಲದವರೇ. ಸಾವಿರ ಜನರಿದ್ದಲ್ಲಿ ಯಾವ ಹೊತ್ತಿಗೂ 13ರ ಆಸುಪಾಸು ಬಸುರಿಯರು ಇರುತ್ತಾರೆ; ವರ್ಷದ ಜನನ ಪ್ರಮಾಣವನ್ನು ಮುಕ್ಕಾಲಿನಿಂದ ಗುಣಿಸಿದರೆ ಬರುವ ಅಂಕಿ ಅದು. 400 ಜನರಲ್ಲಿ ಐದು. ಪುಸ್ತಕದಲ್ಲಿ ಒಬ್ಬರೇ ಇದ್ದರೆ ನಾವು ಸರಿಯಾಗಿ ಕೇಳಿಲ್ಲ ಎಂದರ್ಥ. ಮೊದಲ ಮೂರು ತಿಂಗಳಲ್ಲಿರುವವರು ಗಂಡಸರ ಮುಂದೆ ಹೇಳುವುದೇ ಇಲ್ಲ. ಅದಕ್ಕೇ ಪುಸ್ತಕ ಬರೆಯುವವಳು ಆ ಊರಿನ ಆಶಾ ಕಾರ್ಯಕರ್ತೆಯ ಪಕ್ಕದಲ್ಲೇ ಕೂರಬೇಕು.

ಕೊಠಡಿ ಹಂಚುವುದು ಸಣ್ಣ ಕೆಲಸವಲ್ಲ. ಒಬ್ಬರಿಗೆ 3.5 ಚದರ ಮೀಟರ್ ಜಾಗ ಎನ್ನುತ್ತದೆ ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ಅಳತೆಗೋಲಾದ ಸ್ಫಿಯರ್ ಮಾನದಂಡ. 20 ಅಡಿಗೆ 25 ಅಡಿಯ ತರಗತಿ ಕೋಣೆಯಲ್ಲಿ ಆ ಲೆಕ್ಕಕ್ಕೆ ಹದಿಮೂರು ಜನ, ಬರುವುದು ಮೂವತ್ತು. ಇನ್ನೊಂದು ಕಟ್ಟಡ ಕೇಳುವಾಗ ಈ ಅಂಕಿಯನ್ನೇ ಬರೆದು ಕೊಡಿ, ಅಧಿಕಾರಿಗೂ ಮೇಲಕ್ಕೆ ಕಳಿಸಲು ಅನುಕೂಲ. ಜನ ತಾವೇ ಕೋಣೆ ಆರಿಸಿಕೊಂಡರೆ ಊರಿನ ಕೇರಿಗಳು ಇಲ್ಲೂ ಹಾಗೆಯೇ ಎದ್ದು ನಿಲ್ಲುತ್ತವೆ. ದಲಿತ ಕುಟುಂಬಗಳಿಗೆ ನಳಕ್ಕೆ ದೂರದ, ಸೋರುವ ಕೊನೆಯ ಕೋಣೆ. ಜನ ಒಳಗೆ ಬರುವ ಮುಂಚೆಯೇ ಚೀಟಿಯಲ್ಲಿ ಕೋಣೆ ಸಂಖ್ಯೆ ಬರೆದು ಗೇಟಿನಲ್ಲೇ ಕೊಡುವುದು ನಮ್ಮ ರೂಢಿ. ಗಂಡಸರನ್ನೂ ಹೆಂಗಸರನ್ನೂ ಪೂರ್ತಿ ಬೇರೆ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ, ಕುಟುಂಬಗಳೂ ಒಪ್ಪುವುದಿಲ್ಲ. ಒಂಟಿ ಹೆಂಗಸರಿಗೆ, ಬಾಣಂತಿಯರಿಗೆ ಒಳಗಿನಿಂದ ಚಿಲಕವಿರುವ ಒಂದು ಕೋಣೆ ಮಾತ್ರ ಪ್ರತ್ಯೇಕವಾಗಿರಲಿ.

ಇನ್ನು ಶೌಚಾಲಯ. ಕೇಂದ್ರ ಕೆಡುವುದು ಇಲ್ಲಿಂದಲೇ. 20 ಜನಕ್ಕೊಂದು, ಹೆಂಗಸರಿಗೆ ಮೂರಾದರೆ ಗಂಡಸರಿಗೆ ಒಂದು, ಮಲಗುವ ಜಾಗದಿಂದ 50 ಮೀಟರ್ ಒಳಗೆ ಎಂಬುದು ಸ್ಫಿಯರ್ ಲೆಕ್ಕ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 30 ಜನಕ್ಕೊಂದು ಎನ್ನುತ್ತದೆ. ಅಂದರೆ ನಮಗೆ ಹದಿನಾಲ್ಕರಿಂದ ಇಪ್ಪತ್ತು ಬೇಕು. ಶಾಲೆಯಲ್ಲಿರುವುದು ನಾಲ್ಕು, ಅದರಲ್ಲೊಂದಕ್ಕೆ ಬೀಗ. ಗುಂಡಿ ತೋಡೋಣವೆಂದರೆ ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಮೊಣಕಾಲಿನಷ್ಟು ತೋಡುವುದರೊಳಗೆ ನೀರು ಜಿನುಗುತ್ತದೆ, ಬದಿ ಕುಸಿಯುತ್ತದೆ. ಹಾಗಾಗಿ ಗರಸು ತುಂಬಿದ ಚೀಲಗಳನ್ನು ಪೇರಿಸಿ ಕಟ್ಟೆ ಎತ್ತರಿಸಿ, ಕೆಳಗೆ ಡ್ರಮ್ಮೋ ಪ್ಲಾಸ್ಟಿಕ್ ಟ್ಯಾಂಕೋ ಇಟ್ಟು, ತುಂಬುವ ಮುಂಚೆ ಸಕ್ಕಿಂಗ್ ಯಂತ್ರ ಕರೆಸಬೇಕು. ಅದಕ್ಕಿಂತ ಬೇಗ ಆಗುವ ಕೆಲಸವೆಂದರೆ ಹತ್ತಿರದ ಹಾಸ್ಟೆಲ್, ಸಮುದಾಯ ಭವನ, ಪಂಚಾಯಿತಿ ಕಚೇರಿಗಳ ಶೌಚಾಲಯದ ಕೀಲಿಗಳನ್ನು ಪಿಡಿಒ ಮೂಲಕ ಅದೇ ಸಂಜೆ ತರಿಸುವುದು.

ಸುತ್ತ ತಾಡಪತ್ರಿ ಕಟ್ಟಿ ಒಳಗೊಂದು ಬಲ್ಬು ತೂಗುಹಾಕಿದರೆ ಆಯಿತು ಎಂದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಹೊರಗೆ ನಿಂತು ನೋಡಿ: ಒಳಗಿನ ಬೆಳಕಿಗೆ ಕೂತವಳ ನೆರಳು ತಾಡಪತ್ರಿಯ ಮೇಲೆ ನಿಚ್ಚಳವಾಗಿ ಮೂಡುತ್ತದೆ. ಬೆಳಕು ಹೊರಗಿರಬೇಕು, ಬಾಗಿಲ ಮೇಲೆ ಮತ್ತು ಬರುವ ದಾರಿಯಲ್ಲಿ. ತಾಡಪತ್ರಿ ಎರಡು ಪದರ, ಕಪ್ಪು ಬಣ್ಣದ್ದು. ಚಿಲಕ ಒಳಗೆ. ಕೈಗೆಟಕುವಲ್ಲಿ ಒಂದು ಮೊಳೆ, ಯಾಕೆಂದರೆ ಸೀರೆ, ಟಾರ್ಚು, ಪ್ಯಾಡ್ ಎಲ್ಲವನ್ನೂ ಕೈಯಲ್ಲಿ ಹಿಡಿದು ಕೂರಲಾಗದು. ಮುಚ್ಚಳವಿರುವ ಡಬ್ಬಿ ಒಳಗೇ ಇರಲಿ; ಹೊರಗಿಟ್ಟರೆ ಯಾರೂ ಹಾಕುವುದಿಲ್ಲ, ಪ್ಯಾಡ್ ಪೈಪಿಗೆ ಸೇರಿ ಮಾರನೇ ದಿನ ಎಲ್ಲ ಕಟ್ಟಿಕೊಳ್ಳುತ್ತದೆ.

ವ್ಯವಸ್ಥೆ ಸರಿಯಿದೆಯೇ ಎಂದು ಕೇಳಿದರೆ ‘ಎಲ್ಲಾ ಆರಾಮ ಐತ್ರೀ’ ಎಂಬ ಉತ್ತರವೇ ಬರುತ್ತದೆ. ‘ರಾತ್ರಿ ಎರಡಕ್ಕ ಎದ್ರ ಎಲ್ಲಿ ಹೋಗ್ತೀರವ್ವಾ?’ ಎಂದು ಕೇಳಿ. ಆಗ ಮಾತು ಹೊರಡುತ್ತದೆ. ಸಂಜೆಯ ಚಹಾ ಬೇಡವೆನ್ನುವ ಹೆಂಗಸರು ಹೆಚ್ಚಾದರೆ ಅದೂ ಒಂದು ಸೂಚನೆ: ಕತ್ತಲಲ್ಲಿ ಏಳಬೇಕಾದೀತೆಂದು ನೀರು ಬಿಟ್ಟಿರುತ್ತಾರೆ. ಎರಡು ಮೂರು ದಿನದಲ್ಲಿ ಉರಿಮೂತ್ರದ ದೂರು ಶುರು.

ನೀರು ಒಬ್ಬರಿಗೆ ದಿನಕ್ಕೆ 15 ಲೀಟರ್, ಒಟ್ಟು 6000. ಟ್ಯಾಂಕರ್ ಬಂತೆಂದ ಮಾತ್ರಕ್ಕೆ ಶುದ್ಧವೆಂದಲ್ಲ. 5000 ಲೀಟರಿನ ಟ್ಯಾಂಕಿಗೆ, ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, 10 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪುಡಿಯಲ್ಲಿ ನಾಲ್ಕರಲ್ಲೊಂದು ಪಾಲು ಕ್ಲೋರಿನ್ ಉಳಿದಿದೆ ಎಂದುಕೊಂಡರೆ 40 ಗ್ರಾಂ ಪುಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮುದ್ದೆಯಾಗಿ ಕಲಸಿ, ಮತ್ತೆ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಕಾಯಿರಿ. ಆಮೇಲೆ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನಳದ ತುದಿಯ ನೀರು ಪರೀಕ್ಷಿಸಿ, ಹಳದಿ ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ಓದಬೇಕು. ತಡವಾದರೆ ಬಣ್ಣ ಗಾಢವಾಗಿ ಅಂಕಿ ಸುಳ್ಳಾಗುತ್ತದೆ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿದ್ದರೆ ಸರಿ. ಏನೂ ಉಳಿಯದಿದ್ದರೆ ನೀರು ಕೆಸರಿನದು, ಇಲ್ಲವೇ ಪುಡಿ ಸತ್ತಿದೆ. ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಗಟ್ಟಿಯಾದ ಉಂಡೆಗಳನ್ನು ನಂಬಬೇಡಿ. ರಾಡಿ ನೀರಿಗೆ ಮೊದಲು ಆಲಂ (ಪಟಿಕ) ಹಾಕಿ ತಿಳಿ ಮಾಡಿದ ಮೇಲೆಯೇ ಕ್ಲೋರಿನ್.

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಜನಕ್ಕೆ ಅದು ಬರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುವ ಊರಿನವರಿಗೆ ಒಂದು ಮಾತು: ಬಿಸಿ ಆರದ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೂಸ್ಟು ಹಿಡಿದೇ ಬರುತ್ತದೆ. ಹಳೆ ಬಟ್ಟೆಯಂತೂ ಬೇಡವೇ ಬೇಡ. ಅದರ ರಾಶಿ ಒಂದು ಕೋಣೆಯನ್ನೇ ನುಂಗುತ್ತದೆ. ಬೇಕಾದದ್ದು ಹೊಸ ಒಳಉಡುಪು, ಪರಕಾರ, ಮುಚ್ಚಳದ ಬಕೆಟ್ಟು, ಹಗ್ಗ. ಒಳಉಡುಪಿಲ್ಲದೆ ಪ್ಯಾಡ್ ಕೊಟ್ಟು ಏನು ಪ್ರಯೋಜನ? ಮುಟ್ಟಾಗುವ ವಯಸ್ಸಿನವರು ಒಟ್ಟು ಜನರ ಕಾಲುಭಾಗ, ಅಂದರೆ ಇಲ್ಲಿ ನೂರು ಜನ. ಬಟ್ಟೆಯನ್ನೇ ಬಳಸುವವರಿಗೆ ಬಟ್ಟೆ, ಸೋಪು, ಒಣಹಾಕಲು ಮರೆಯಿರುವ ಆದರೆ ಬಿಸಿಲು ಬೀಳುವ ಜಾಗ.

ದಾನಿಗಳು ತಪ್ಪದೆ ತರುವ ಇನ್ನೊಂದು ವಸ್ತು ಡಬ್ಬಿ ಹಾಲಿನ ಪುಡಿ ಮತ್ತು ಸೀಸೆ. ಗೇಟಿನಲ್ಲೇ ನಯವಾಗಿ ವಾಪಸು ಕಳಿಸಿ. 1992ರ ಶಿಶು ಹಾಲು ಬದಲಿ ಕಾಯ್ದೆ ಇಂಥ ಹಂಚಿಕೆಯನ್ನು ತಡೆಯುತ್ತದೆ. ಕಾರಣ ಸರಳ: ಕೊಳಕು ನೀರಿನಲ್ಲಿ ಕಲಸಿದ ಪುಡಿಯಿಂದ ಕೂಸಿಗೆ ಭೇದಿ, ಅಷ್ಟರಲ್ಲಿ ತಾಯಿಯ ಹಾಲೂ ಕಡಿಮೆ. ಬಾಣಂತಿಗೆ ಹೆಚ್ಚಿನ ಊಟ, ನೀರು, ಮರೆ ಕೊಟ್ಟರೆ ಹಾಲು ತಾನೇ ಬರುತ್ತದೆ. ತಾಯಿಯೇ ಇಲ್ಲದ ಕೂಸಿದ್ದರೆ ಅದನ್ನು ವೈದ್ಯರು ನಿರ್ಧರಿಸಲಿ.

ಓಆರ್‌ಎಸ್ ಪೊಟ್ಟಣಗಳಲ್ಲಿ ಒಂದು ಲೀಟರಿನದೂ ಇದೆ, 200 ಮಿಲಿಯದೂ ಇದೆ. ದಾನದ ಪೆಟ್ಟಿಗೆಯಲ್ಲಿ ಎರಡೂ ಕಲೆತು ಬರುತ್ತವೆ. ದೊಡ್ಡ ಪೊಟ್ಟಣವನ್ನು ಲೋಟದ ನೀರಿಗೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಉಗ್ರಾಣದಲ್ಲೇ ಬೇರ್ಪಡಿಸಿ, ಒಂದೇ ಅಳತೆಯದನ್ನು ಹೊರಗೆ ಬಿಡಿ. ಜೊತೆಗೆ ಝಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10, ಹದಿನಾಲ್ಕು ದಿನ. ಭೇದಿ ನಿಂತ ಕೂಡಲೇ ತಾಯಂದಿರು ಝಿಂಕ್ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ದಿನ ಗುರುತು ಹಾಕಿ ಬೆನ್ನು ಹತ್ತಬೇಕು.

ಬಿಪಿ, ಸಕ್ಕರೆ, ಕ್ಷಯ, ಎಚ್‌ಐವಿ ಮಾತ್ರೆಗಳು ನೀರಿನಲ್ಲಿ ಹೋಗಿರುತ್ತವೆ. ಮೊದಲೆರಡನ್ನು ಜನ ಕೂಗಿ ಹೇಳುತ್ತಾರೆ, ಕೊನೆಯದನ್ನು ಪ್ರಾಣ ಹೋದರೂ ಹೇಳುವುದಿಲ್ಲ. ಅದಕ್ಕೆ ‘ದಿನವೂ ಮಾತ್ರೆ ನುಂಗುವವರೆಲ್ಲ ಒಬ್ಬೊಬ್ಬರೇ ಸಿಸ್ಟರ್ ಹತ್ತಿರ ಬನ್ನಿ’ ಎಂದಷ್ಟೇ ಸಾರಬೇಕು. ರೋಗದ ಹೆಸರು ಪುಸ್ತಕದಲ್ಲಿ ಬೇಡ, ‘ದಿನದ ಮಾತ್ರೆ: ಹೌದು’ ಸಾಕು. ಎಚ್‌ಐವಿ ಮಾತ್ರೆಗಳನ್ನು ಅವನ್ನು ಕೊಡುವ ಎಆರ್‌ಟಿ ಕೇಂದ್ರದಿಂದ ತರಿಸುವ ಹೊಣೆ ಸಿಸ್ಟರ್ ಒಬ್ಬರದೇ. ದಿನ ತುಂಬಲು ಎರಡು ವಾರವಿರುವ ಬಸುರಿಯರನ್ನು ರಸ್ತೆ ಮುಚ್ಚುವ ಮುಂಚೆಯೇ ತಾಲ್ಲೂಕು ಆಸ್ಪತ್ರೆಗೆ ಸೇರಿಸಿ. ಸೇತುವೆ ಮುಳುಗಿದ ಮೇಲೆ 108ಕ್ಕೆ ಕರೆ ಮಾಡಿದರೆ ಗಾಡಿ ಆಚೆ ದಡದಲ್ಲೇ ನಿಲ್ಲುತ್ತದೆ. ತಾಯಿ ಕಾರ್ಡ್ ಕಳೆದಿದ್ದರೂ ಕಳಿಸಿ, ಕಾಗದ ಆಮೇಲೆ.

ದುಡ್ಡಿನ ವಿಚಾರದಲ್ಲಿ ಹೆಣ್ಣುಮಕ್ಕಳ ಸಂಸ್ಥೆಯ ಮೇಲೆ ಬೀಳುವ ಕಣ್ಣು ತುಸು ಹೆಚ್ಚೇ ಚೂಪು. ಯಾರ ಸ್ವಂತ ಫೋನ್‌ಪೇಗೂ ಒಂದು ರೂಪಾಯಿ ಬೇಡ, ಎಲ್ಲವೂ ಸಂಸ್ಥೆಯ ಖಾತೆಗೆ. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗದೆಂದು ಮೊದಲೇ ಹೇಳಿಬಿಡಿ. ಅಮೆರಿಕ, ಕೊಲ್ಲಿ ನಾಡುಗಳ ಕನ್ನಡಿಗರು ನೆರೆ ಬಂದಾಗಲೆಲ್ಲ ನೆರವಿನ ಕೈ ಚಾಚುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಅಲ್ಲಿ ನೋಂದಾಯಿಸಿದ ಸಂಘಗಳು ಕಳಿಸಿದರೆ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯಾದ ಮೇಲೆ ನೋಂದಣಿಯಿರುವ ಇನ್ನೊಂದು ಸಂಸ್ಥೆಯ ಮೂಲಕ ಪಡೆಯುವ ದಾರಿಯೂ ಮುಚ್ಚಿದೆ. ‘ಪಾಸ್‌ಪೋರ್ಟ್ ಯಾವುದ್ರಿ?’ ಎಂದು ಕೇಳಲು ಸಂಕೋಚ ಬೇಡ.

ನೀರು ಇಳಿದು ಜನ ಮರಳುವಾಗ ಪಂಚನಾಮೆ ಶುರುವಾಗುತ್ತದೆ. ಬಿದ್ದ ಗೋಡೆಯ ಫೋಟೋ ತೆಗೆಯುವ ಮುಂಚೆ ಮನೆ ಬಳಿದು ಒಪ್ಪ ಮಾಡಬೇಡಿರೆಂದು ಹೆಂಗಸರಿಗೆ ಹೇಳಬೇಕು. ಅವರು ಮೊದಲು ಹಿಡಿಯುವುದೇ ಪೊರಕೆ. ಒಂಟಿ ಹೆಂಗಸು ಬಾಳುವ ಮನೆಯ ಉತಾರ (ಆಸ್ತಿ ದಾಖಲೆ) ಸತ್ತ ಮಾವನ ಹೆಸರಿನಲ್ಲೇ ಇರುವುದು ಇಲ್ಲಿ ಮಾಮೂಲು. ಅಂಥವರ ಪಟ್ಟಿಯನ್ನು ಕೇಂದ್ರದಲ್ಲಿರುವಾಗಲೇ ತಯಾರಿಸಿ, ರೇಷನ್ ಕಾರ್ಡಿನ ನಕಲು ಜೋಡಿಸಿ, ತಲಾಟಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಂದಣಿ ಪುಸ್ತಕದಿಂದ ಬಸುರಿಯರ, ಝಿಂಕ್ ಮುಗಿಯದ ಮಕ್ಕಳ, ದಿನದ ಮಾತ್ರೆಯವರ ಸಾಲುಗಳನ್ನು ನಕಲು ಮಾಡಿ ಆಯಾ ಊರಿನ ಸಿಸ್ಟರ್ ಕೈಗೆ ಕೊಟ್ಟ ಮೇಲೆ ಉಗ್ರಾಣದ ಕೀಲಿಯನ್ನು ಹೆಡ್‌ಮಾಸ್ತರರಿಗೆ ಒಪ್ಪಿಸಬಹುದು.