ಧಾರವಾಡ ಸೀಮೆಯ ಸಂಗೀತಗಾರರಿಗೊಂದು ಗೌರವಶಾಲೆ: ಕಟ್ಟುವ ಬಗೆ

ಹಾರ ಹಾಕಿದ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿ, ಕೆಳಗೆ ಪ್ರಶಸ್ತಿಗಳ ಪಟ್ಟಿ ಬರೆದರೆ ಅದು ಗೌರವಶಾಲೆ ಆಗುವುದಿಲ್ಲ. ಹಾಡಿ ಹೆಸರಾದವರನ್ನು ಅವರ ಹಾಡಿನಿಂದಲೇ ನೆನೆಯಬೇಕು. ಆದ್ದರಿಂದ ಇರುವ ಹಣದ ದೊಡ್ಡ ಪಾಲನ್ನು ಗ್ರಾಮಫೋನ್ ತಟ್ಟೆ, ಸ್ಪೂಲ್, ಕ್ಯಾಸೆಟ್ ಉಳಿಸಿ ಕೇಳಿಸುವುದಕ್ಕೆ ಮೊದಲೇ ತೆಗೆದಿಡಿ. ಗಾಜಿನ ಕಪಾಟು, ಗ್ರಾನೈಟ್ ಫಲಕ ಆಮೇಲೆ ಬರಲಿ.

ಹೆಸರು ಆರಿಸುವ ಮುನ್ನ ನಿಯಮ ಬರೆಯಿರಿ. ಯಾರನ್ನು ಇಲ್ಲಿಯವರೆನ್ನಬೇಕು ಎಂಬುದೇ ಈ ಸೀಮೆಯಲ್ಲಿ ಮೊದಲ ತಕರಾರು. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿಯ ಸುಳೇಭಾವಿಯಲ್ಲಿ, ಬಾಳಿದ್ದು ಮಧ್ಯಪ್ರದೇಶದ ದೇವಾಸ್‌ನಲ್ಲಿ. ಭೀಮಸೇನ ಜೋಶಿ ಗದಗ ಸೀಮೆಯವರು, ನೆಲೆಸಿದ್ದು ಪುಣೆಯಲ್ಲಿ. ಅಬ್ದುಲ್ ಕರೀಂ ಖಾನರು ಉತ್ತರದವರು. ಆದರೆ ಅವರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸದಿದ್ದರೆ ಗಂಗೂಬಾಯಿ ಹಾನಗಲ್, ಭೀಮಸೇನರಿಗೆ ಆ ಪಾಠ ಎಲ್ಲಿಂದ ಬರಬೇಕಿತ್ತು? ಹುಟ್ಟು, ಕಲಿಕೆ, ಕಲಿಸುವಿಕೆ ಈ ಮೂರರಲ್ಲಿ ಒಂದಾದರೂ ಇಲ್ಲಿ ನಡೆದಿರಬೇಕು ಎಂದು ನಿಯಮ ಮಾಡಿಕೊಂಡರೆ ಮೂವರಿಗೂ ಜಾಗವಿರುತ್ತದೆ. ಮೊದಲ ವರ್ಷ ಐದಾರು ಹೆಸರು ಸಾಕು, ಆಮೇಲೆ ವರ್ಷಕ್ಕೆ ಎರಡು. ಅದರಲ್ಲಿ ಒಂದು ತಬಲಾ, ಹಾರ್ಮೋನಿಯಂ ಸಾಥಿದಾರರಿಗೋ ಪಾಠ ಹೇಳಿದ ಗುರುವಿಗೋ ಕಡ್ಡಾಯವಾಗಿ ಮೀಸಲಿರಲಿ. ಇಲ್ಲದಿದ್ದರೆ ಗಾಯಕರೇ ತುಂಬಿಕೊಳ್ಳುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳಂಥವರು ತಯಾರು ಮಾಡಿದ ಶಿಷ್ಯಪರಂಪರೆಯನ್ನು ಒಂದೇ ಗೋಡೆಯ ಮೇಲೆ ವಂಶವೃಕ್ಷದಂತೆ ಬಿಡಿಸಿ ತೋರಿಸಿ.

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ ಈಗಾಗಲೇ ಸ್ಮಾರಕವಾಗಿದೆ. ಅಲ್ಲಿರುವುದನ್ನೇ ಇಲ್ಲಿ ಮತ್ತೆ ಜೋಡಿಸುವುದು ಬೇಡ. ಅಲ್ಲಿಗೆ ಹೋಗುವ ದಾರಿಯ ನಕಾಶೆ ಹಾಕಿ.

ಇನ್ನು ತಟ್ಟೆಗಳು. 78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತಿಂಚಿನ ತಟ್ಟೆ ಅರಗಿನದು. ಅದನ್ನು ಸ್ಪಿರಿಟ್ ಅಥವಾ ಆಲ್ಕೊಹಾಲ್ ಇರುವ ಯಾವ ದ್ರಾವಣದಿಂದಲೂ ಒರೆಸಬೇಡಿ. ಅರಗು ಕರಗಿ, ಸದ್ದು ಹಿಡಿದಿಟ್ಟ ಗೆರೆ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಡಿಟರ್ಜೆಂಟ್, ಮೃದು ಬ್ರಷ್, ಗೆರೆಯ ಗುಂಟ ಸುತ್ತಿನ ಉಜ್ಜು, ಮತ್ತೆ ಬರೀ ಡಿಸ್ಟಿಲ್ಡ್ ನೀರು. ಲೇಬಲ್ ನೆನೆಯಬಾರದು. ಬಿರುಕು ಬಿಟ್ಟ ತಟ್ಟೆಗೆ ನೀರೇ ಬೇಡ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಸೀಳುತ್ತವೆ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ, ವಾಲದಂತೆ ಹದಿನೈದು ಸೆಂಟಿಮೀಟರಿಗೊಂದು ಅಡ್ಡಗೋಡೆ ಕೊಡಿ. ನೂರು ತಟ್ಟೆ 20 ಕಿಲೋ ಆಸುಪಾಸು ತೂಗುತ್ತವೆ. ತೆಳು ಪ್ಲೈವುಡ್ ಬಾಗುತ್ತದೆ.

ಆಮೇಲೆ ಬಂದ ಎಲ್‌ಪಿ ತಟ್ಟೆಗಳ ಸಣ್ಣ ಸೂಜಿಯಿಂದ 78ರ ತಟ್ಟೆ ನುಡಿಸಿದರೆ ಸೂಜಿ ಗೆರೆಯ ತಳದಲ್ಲಿ ಉರುಳಾಡಿ ಬರೀ ಸರಸರ ಸದ್ದು ಬರುತ್ತದೆ. ಮೂರು ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು), ಅಂದರೆ ಸುಮಾರು 75 ಮೈಕ್ರಾನ್ ಸೂಜಿ ಬೇಕು. ಸೂಜಿ ಕೂರುವ ಕಾರ್ಟ್ರಿಜ್ ಸ್ಟೀರಿಯೊದ್ದಿರಲಿ; ಗೆರೆಯ ಎರಡೂ ಬದಿಯ ಚಾನೆಲ್ ಹಿಡಿದು, ಸವೆಯದ ಬದಿಯದನ್ನು ಕೇಳಿಸಲು ಬಳಸಿ. 96 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವೇ ಮೂಲಪ್ರತಿ. ಗಂಟೆಗೆ ಸುಮಾರು ಎರಡು ಜಿಬಿ ಆಗುತ್ತದೆ. ಸದ್ದು ಶುಚಿಗೊಳಿಸುವುದನ್ನು ನಕಲಿನ ಮೇಲೆ ಮಾತ್ರ ಮಾಡಿ. ತಂತ್ರಾಂಶಕ್ಕೆ ಗೊರಗೊರವೂ ತಂಬೂರಿಯ ಝೇಂಕಾರವೂ ಒಂದೇ ಎನಿಸಿ, ಎರಡನ್ನೂ ಕತ್ತರಿಸಿಹಾಕುತ್ತದೆ.

ವೇಗದ ವಿಷಯದಲ್ಲಿ ಅವಸರ ಸಲ್ಲದು. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ರಲ್ಲಿ ಮುದ್ರಣಗೊಂಡವಲ್ಲ. ಶೇಕಡಾ 6ರಷ್ಟು ತಪ್ಪಿದರೆ ಷಡ್ಜ, ಅಂದರೆ ಗಾಯಕರ ಆಧಾರಸ್ವರ ‘ಸ’, ಹಾರ್ಮೋನಿಯಂನ ಒಂದು ಮನೆಯಷ್ಟು ಸರಿಯುತ್ತದೆ. ‘ಈ ಗಾಯಕರ ಶ್ರುತಿ ಇದು’ ಎಂದು ನೆನಪಿನಿಂದ ಹೊಂದಿಸಿದರೆ ಮೋಸಹೋಗುತ್ತೀರಿ. ಗಂಗೂಬಾಯಿಯವರ ಮೊದಲ ದಿನಗಳ ಕಂಠ ಎತ್ತರದ್ದು, ತೆಳುವಾದದ್ದು. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ಇಳಿದು ಗಂಭೀರವಾಯಿತು. ನಂತರದ ಕಂಠವನ್ನು ನೆನೆದು ಆ ಹಳೆಯ ತಟ್ಟೆಗಳನ್ನು ನಿಧಾನಿಸಿದರೆ ಇಲ್ಲದ ಗಾಯಕಿಯೊಬ್ಬರನ್ನು ಸೃಷ್ಟಿಸಿದಂತೆ. ಲೇಬಲ್ ಪಕ್ಕದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ (ಮುದ್ರಣದ ಕ್ರಮದ ಗುರುತು) ನೋಡಿ, ಅದೇ ದಿನ ಮುದ್ರಣವಾದ ನೆರೆಯ ತಟ್ಟೆಗಳ ಷಡ್ಜದೊಂದಿಗೆ ತಾಳೆಹಾಕಿ. ಆರಿಸಿದ ವೇಗವನ್ನು ದಾಖಲೆಯಲ್ಲಿ ಬರೆದಿಡಿ.

ಕ್ಯಾಸೆಟ್‌ಗಳಲ್ಲಿ ಮೊದಲು ಕಳಚುವುದು ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಫೆಲ್ಟ್ ತುಂಡು. ಟೇಪನ್ನು ಬೇರೆ ಚಿಪ್ಪಿಗೆ ವರ್ಗಾಯಿಸಿದರೆ ಸಾಕು. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಅದು ಉಳಿದೆಲ್ಲ ಕ್ಯಾಸೆಟ್‌ಗಳಿಗೂ ಅಂಟುತ್ತದೆ.

ಕೇಳುವ ಕಟ್ಟೆಗೆ ಮೂರು ನಿಮಿಷದ ತಟ್ಟೆಯೇ ಹೇಳಿ ಮಾಡಿಸಿದ್ದು. ನಿಂತು ಕೇಳುವವರು ಅಷ್ಟು ಹೊತ್ತು ನಿಲ್ಲುತ್ತಾರೆ. ಒಂದು ಗಂಟೆಯ ಖಯಾಲ್‌ಗೆ ಬೇರೆ ಕೋಣೆ, ಒರಗಿ ಕೂರಲು ಜಮಖಾನ, ಬಾಗಿಲಿಗೆ ದಪ್ಪ ಪರದೆ ಬೇಕು. ಒಂದೇ ಕೋಣೆಯಲ್ಲಿ ಎರಡು ಸ್ಪೀಕರ್ ಇಟ್ಟರೆ ಎರಡು ಷಡ್ಜಗಳು ಡಿಕ್ಕಿ ಹೊಡೆದು ಯಾವುದೂ ಕೇಳುವುದಿಲ್ಲ, ಹಾಗಾಗಿ ಕಟ್ಟೆಗಳಿಗೆ ಹೆಡ್‌ಫೋನ್ ಕೊಡಿ.

ಪ್ರದರ್ಶನಕ್ಕಿಡುವ ತಂಬೂರಿಯ ತಂತಿಗಳನ್ನು ಎರಡು ಮೂರು ಸ್ವರ ಇಳಿಸಿ. ಬಿಗಿಯಾಗಿಟ್ಟರೆ ತಬಲಿ (ಕುಂಬಳದ ಮೇಲಿನ ಮರದ ಹಲಗೆ) ಕುಸಿಯುತ್ತದೆ, ಪೂರ್ತಿ ಸಡಿಲಿಸಿದರೆ ಘೋಡಿ (ತಂತಿಗಳನ್ನು ಹೊರುವ ಕುದುರೆ) ಜಾರುತ್ತದೆ. ಕುಂಬಳದ ಕೆಳಗೆ ಬಿಳಿ ಹಾಳೆ ಹಾಸಿ. ಅದರ ಮೇಲೆ ಸಣ್ಣ ಹುಡಿ ಉದುರಿದ್ದರೆ ಒಳಗೆ ಹುಳು ಕೊರೆಯುತ್ತಿದೆ. ಆ ವಾದ್ಯವನ್ನು ಪಾಲಿಥೀನ್‌ನಲ್ಲಿ ಸುತ್ತಿ ಅದೇ ದಿನ ಬೇರ್ಪಡಿಸಿ. ತೇವಾಂಶ ಶೇಕಡಾ 45ರಿಂದ 55ರೊಳಗಿರಲಿ. ಧಾರವಾಡದ ಮಳೆಗಾಲದಲ್ಲಿ ಅದು 65 ದಾಟಿದರೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಜೂನ್‌ಗೆ ಮೊದಲೇ ಡಿಹ್ಯೂಮಿಡಿಫೈಯರ್ ಬೇಕು. ಗಾಜಿನೊಳಗಿನದನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ, ಮೀರಜ್‌ನಲ್ಲಿ ಮಾಡಿಸಿದ ಹೊಸ ತಂಬೂರಿಯೊಂದನ್ನು ದಿನವೂ ಬೆಳಿಗ್ಗೆ ಶ್ರುತಿ ಮಾಡಿ ಹೊರಗಿಡಿ. ಮಕ್ಕಳು ಮೀಟಲಿ.

ಫೋಟೊಗಳ ಮೂಲಪ್ರತಿ ಒಳಗಿರಲಿ, ಗೋಡೆಗೆ ನಕಲು. ಮೂಲ ಇಡಲೇಬೇಕಾದರೆ ಬೆಳಕು 50 ಲಕ್ಸ್ ಮೀರಬಾರದು. ಲ್ಯಾಮಿನೇಶನ್, ಸೆಲ್ಲೊಟೇಪ್ ಎರಡೂ ಬೇಡ. ವಿವರಣೆ 70 ಪದದೊಳಗಿದ್ದು, ಫಲಕದ ನಡು ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿರಲಿ.

ಹಕ್ಕುಗಳ ಕೆಲಸ ಕಟ್ಟಡಕ್ಕಿಂತ ಮೊದಲೇ ಶುರುವಾಗಬೇಕು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ. ಸಾಹಿತ್ಯದ ಹಕ್ಕು ಬೇರೆ: ಕವಿ ತೀರಿಕೊಂಡ ಮೇಲೂ 60 ವರ್ಷ. ಮನೆಯ ಮೆಹಫಿಲ್‌ನ ಕ್ಯಾಸೆಟ್ ಕೊಡುವವರು ಅದರ ಒಡೆಯರಿರಬಹುದು, ಹಾಡಿನ ಹಕ್ಕುದಾರರಲ್ಲ. ಗಾಯಕರ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಅದರಲ್ಲಿ ಕಟ್ಟಡದೊಳಗೆ ಕೇಳಿಸುವುದು, ಅಂತರ್ಜಾಲಕ್ಕೆ ಹಾಕುವುದು, ಪ್ರತಿ ಕೊಡುವುದು ಮೂರಕ್ಕೂ ಪ್ರತ್ಯೇಕ ಸಾಲಿರಲಿ. ಆಕಾಶವಾಣಿಯ ಮುದ್ರಣವಾದರೆ ಅಲ್ಲಿಂದಲೂ ಅನುಮತಿ ಬೇಕು.

ಕಡತಗಳ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಪ್ರತಿಯೊಂದಕ್ಕೂ ಚೆಕ್‌ಸಮ್ (ಕಡತ ಕೆಟ್ಟಿದ್ದರೆ ತಿಳಿಸುವ ಗುರುತುಸಂಖ್ಯೆ) ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ, ಹಾರ್ಡ್ ಡಿಸ್ಕನ್ನು ಐದು ವರ್ಷಕ್ಕೊಮ್ಮೆ ಬದಲಿಸಿ.