ಅರಳಿ ಎಲೆಯ ಜಾಲರಿಗೆ ಚೌಕಟ್ಟು

ಹೆಚ್ಚು ಖರ್ಚಿಲ್ಲದೆ ಗೋಡೆಗೊಪ್ಪುವ ಕಲಾಕೃತಿಯೊಂದನ್ನು ಮನೆಯಲ್ಲೇ ಮಾಡಿಕೊಳ್ಳಬಯಸುವವರಿಗೆ ಅರಳಿ ಎಲೆಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ಹರಿಯದ, ಹುಳು ತಿನ್ನದ, ಬಲಿತ ಎಲೆಗಳನ್ನೇ ಆರಿಸಿಕೊಳ್ಳಬೇಕು. ಎಲೆಯ ತಿರುಳನ್ನು ಕಳಚಿ ನರಗಳ ಜಾಲರಿಯನ್ನಷ್ಟೇ ಉಳಿಸಿಕೊಳ್ಳುವ ಕೆಲಸವಿದು; ಎಳೆಯ ಎಲೆಯ ನರಗಳು ಉಜ್ಜುವಾಗ ಕಿತ್ತುಬರುತ್ತವೆ.

ಎಲೆಗಳನ್ನು ಹಳೆಯ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೇಲೇಳದಂತೆ ಕಲ್ಲು ಹೇರಿ, 3ರಿಂದ 4 ವಾರ ಬಿಡಬೇಕು. ನೀರು ನಾರುವುದರಿಂದ ಬಕೆಟ್ಟು ಹಿತ್ತಲಲ್ಲಿರಲಿ. ಸೊಳ್ಳೆ ಮೊಟ್ಟೆಯಿಡದಂತೆ ಅದನ್ನು ಮುಚ್ಚಿಟ್ಟು, ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಬೇಕು. ತಿರುಳು ಲೋಳೆಯಾದ ಮೇಲೆ ಎಲೆಯನ್ನು ತಟ್ಟೆಯಲ್ಲಿ ಹರಡಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಡುನರದಿಂದ ಅಂಚಿನ ಕಡೆಗೆ ಮೆಲ್ಲಗೆ ತಟ್ಟುತ್ತಾ ತೊಳೆದರೆ, ತಿರುಳೆಲ್ಲ ಕಳಚಿ, ಬಾಲದಂತಹ ತುದಿಯವರೆಗೂ ಹಬ್ಬಿದ ಸಣ್ಣ ಜಾಲರಿ ಕಣ್ಣಿಗೆ ಬೀಳುತ್ತದೆ. ಆ ತುದಿ ಬಹಳ ನಾಜೂಕಾದುದರಿಂದ ಅಲ್ಲಿ ಬ್ರಷ್ಷು ಬೇಡ, ಬೆರಳೇ ಸಾಕು.

ಮುದ್ರಣದ ಮಸಿ ಅಂಟುವ ಪತ್ರಿಕೆಯನ್ನು ಬಿಟ್ಟು, ಬಿಳಿ ಕಾಗದಗಳ ನಡುವೆ ದಪ್ಪ ಪುಸ್ತಕದಡಿ ಎರಡು ದಿನ ಒಣಗಿಸಬೇಕು. ಹಿನ್ನೆಲೆಗೆ ಗುಳೇದಗುಡ್ಡದ ಖಣವೆಂಬ ರವಿಕೆ ಬಟ್ಟೆಯೂ ಚೆಂದವೇ, ಆದರೆ ಅದರ ನೇಯ್ಗೆಯ ವಿನ್ಯಾಸ ಎಲೆಯ ನರಗಳನ್ನು ಮರೆಸುವುದರಿಂದ ಕಡುಬಣ್ಣದ ಸಾದಾ ಖಾದಿಯೇ ಮೇಲೆಂದು ನನ್ನ ಅಭಿಪ್ರಾಯ. ನಡುನರದ ಹಿಂಬದಿಗೆ ಮಾತ್ರ ನಾಲ್ಕು ಚುಕ್ಕೆ ಫೆವಿಕಾಲ್ ಹಚ್ಚಿ ಅಂಟಿಸಿ, ಹಳೆಯ ಫೋಟೋ ಚೌಕಟ್ಟಿನ ಗಾಜಿನೊಳಗೆ ಕೂರಿಸಿ, ತೇವವಿರದ ಗೋಡೆಗೆ ತೂಗುಹಾಕಬಹುದು.